ಸೆಕೆಂಡ್‌ಹ್ಯಾಂಡ್ ಪರ್ಫಾರ್ಮೆನ್ಸ್ ಕಾರು: ಮೊದಲ ಸಾವಿರ ಕಿಲೋಮೀಟರ್‌ನ ಕೆಲಸ

ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರು ಕೇಳುವ ಪ್ರಶ್ನೆ ಹೆಚ್ಚೂಕಮ್ಮಿ ಒಂದೇ. "ಸೆಕೆಂಡ್‌ಹ್ಯಾಂಡ್‌ನಲ್ಲಿ ಆಕ್ಟೇವಿಯಾ ಆರ್‌ಎಸ್ ತಗೊಂಡಿದ್ದೀನಿ, ಮೊದಲು ಏನು ಮಾಡಿಸ್ಲಿ? ರೀಮ್ಯಾಪ್ ಮಾಡಿಸ್ಬಹುದಾ?" ಕಾರಿನ ಹೆಸರು ಮಾತ್ರ ಬದಲಾಗುತ್ತದೆ: ಪೋಲೊ ಜಿಟಿಐ, ಲಾರಾ ಆರ್‌ಎಸ್, ಬಿಎಂಡಬ್ಲ್ಯೂ 328ಐ ಅಥವಾ 330ಐ. ರೀಮ್ಯಾಪ್ (ತಂತ್ರಾಂಶ ಬದಲಿಸಿ ಎಂಜಿನ್ ಶಕ್ತಿ ಹೆಚ್ಚಿಸುವುದು) ಮಾತು ಕೊನೆಯಲ್ಲಿದೆ, ಬೇಕೆಂದೇ ಅಲ್ಲಿಟ್ಟಿದ್ದೇವೆ.

ಹೊಸದರಲ್ಲಿ ಮೂವತ್ತು ಲಕ್ಷದ ಹತ್ತಿರ ಹೋದ ಕಾರು ನಿಮಗೆ ಅದರ ಅರ್ಧಕ್ಕೆ ಸಿಕ್ಕಿರಬಹುದು. ಬಿಡಿಭಾಗಗಳ ಬೆಲೆ ಅರ್ಧವಾಗಿಲ್ಲ. ಇಂಥ ಕಾರು ಮಾರಾಟಕ್ಕೆ ಬರುವುದು ಬಹುತೇಕ ದೊಡ್ಡ ಖರ್ಚೊಂದು ಬಾಗಿಲಿಗೆ ಬಂದಾಗ: ಟೈರ್ ಸವೆದಿರುತ್ತವೆ, ಗೇರ್‌ಬಾಕ್ಸ್ ಆಯಿಲ್ ಬದಲಿಸುವ ಹೊತ್ತಾಗಿರುತ್ತದೆ, ಇಲ್ಲವೇ ಎಲ್ಲೋ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಜಿನುಗುತ್ತಿರುತ್ತದೆ. ಹಿಂದಿನವರು ಮುಂದೂಡಿದ ಬಿಲ್ಲು ಕಾರಿನ ಜತೆಗೇ ನಿಮ್ಮ ಮನೆಗೆ ಬಂದಿದೆ ಎಂದುಕೊಂಡೇ ಶುರುಮಾಡಿ. ಸರ್ವಿಸ್ ಆಗಿದೆ ಎಂಬುದಕ್ಕೆ ಬಿಲ್ ಇಲ್ಲದಿದ್ದರೆ, ಆಗಿಲ್ಲ ಎಂದೇ ಲೆಕ್ಕ.

ಶುರುವಿಗೆ ಮುಂಚೆ

ಕೊಂಡ ಬೆಲೆಯ ಶೇ 10ರಿಂದ 15ರಷ್ಟು ಹಣವನ್ನು ಮುಟ್ಟದೆ ಇಡಿ. ಎಲ್ಲ ಹಣವೂ ಕಾರಿಗೇ ಮುಗಿದಿದ್ದರೆ, ಕೂಡಿಸುವವರೆಗೆ ಕಾರನ್ನು ಊರೊಳಗೆ ನಿಧಾನವಾಗಿ ಓಡಿಸಿಕೊಂಡಿರಿ. ಹೆದ್ದಾರಿಗೆ ಒಯ್ಯಬೇಡಿ.

ಗ್ಯಾರೇಜ್ ಹುಡುಕುವಾಗ ಮೂರು ಕೇಳಿ: ಎರಡು ಕಂಬದ ಲಿಫ್ಟ್ ಇದೆಯೇ, ಟಾರ್ಕ್ ರೆಂಚ್ ಬಳಸುತ್ತಾರೆಯೇ (ಬೋಲ್ಟನ್ನು ಹೇಳಿದಷ್ಟೇ ಬಲದಲ್ಲಿ ಬಿಗಿಯುವ ಸ್ಪ್ಯಾನರ್), ನಿಮ್ಮ ಕಂಪನಿಯ ಕಾರಿನ ಎಲ್ಲ ಮಾಡ್ಯೂಲ್‌ಗಳನ್ನೂ (ಎಂಜಿನ್, ಬ್ರೇಕ್ ಮುಂತಾದವನ್ನು ನಡೆಸುವ ಒಳ ಕಂಪ್ಯೂಟರ್‌ಗಳು) ಓದುವ ಸ್ಕ್ಯಾನರ್ ಇದೆಯೇ. ಮೂರೂ ಇಲ್ಲದ ಕಡೆ ಪಂಕ್ಚರ್ ಹಾಕಿಸಬಹುದು, ಅಷ್ಟೆ.

ಬಿಡಿಭಾಗ ಹೆಚ್ಚಾಗಿ ಬೆಂಗಳೂರಿನಿಂದ ಬರಬೇಕು. 17 ಅಕ್ಷರದ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ, ಸಾಮಾನು ಕೈಗೆ ಬಂದ ಮೇಲೆ ಕಾರು ಬಿಚ್ಚಿಸಿ. ತಲೆಕೆಳಗಾದರೆ ಕಾರು ಲಿಫ್ಟ್ ಮೇಲೆ ಹದಿನೈದು ದಿನ ನಿಂತು, ಬಿಚ್ಚಿಟ್ಟ ಕ್ಲಿಪ್ಪುಗಳು ಕಸಬರಿಗೆ ಪಾಲಾಗುತ್ತವೆ.

1. ಕಾಗದ ಪತ್ರ

ಮಾರಿದವರು ರಾಜ್ಯದೊಳಗಾದರೆ 14 ದಿನ, ಹೊರರಾಜ್ಯದವರಾದರೆ 45 ದಿನದೊಳಗೆ ಮಾಲೀಕತ್ವ ಬದಲಾದದ್ದನ್ನು ಆರ್‌ಟಿಒಗೆ ತಿಳಿಸಬೇಕು. ಕೊಂಡ ನಿಮಗೆ 30 ದಿನ. ಬೇಕಾಗುವುದು ಫಾರಂ 29 ಮತ್ತು 30. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರದ ಜತೆ ಫಾರಂ 35. ಬೆಂಗಳೂರು ನೋಂದಣಿಯ ಕಾರನ್ನು ಕೆಎ-16 (ಚಿತ್ರದುರ್ಗ) ಅಥವಾ ಕೆಎ-17ರ (ದಾವಣಗೆರೆ) ವ್ಯಾಪ್ತಿಗೆ ತಂದಿದ್ದರೆ ವಿಳಾಸ ಬದಲಾವಣೆಯೂ ಸೇರುತ್ತದೆ, ನಂಬರ್ ಬದಲಾಗುವುದಿಲ್ಲ.

ದೆಹಲಿ, ಹರಿಯಾಣ ಕಡೆಯ ಕಾರು ಅಗ್ಗಕ್ಕೆ ಸಿಕ್ಕಿದ್ದರೆ ನಿಲ್ಲಿ. ಹೊರರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಮರುನೋಂದಣಿ ಕಡ್ಡಾಯ, ಅದಕ್ಕೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಹೊಸ ಕಾರಿನ ಬೆಲೆ 20 ಲಕ್ಷ ಮೀರಿದ್ದರೆ ಆ ತೆರಿಗೆ ಶೇ 18. ಹಳೆಯ ಕಾರಿಗೆ ವಯಸ್ಸು ನೋಡಿ ಇಳಿಸುತ್ತಾರೆ ನಿಜ, ಆದರೆ ಲೆಕ್ಕ ಹಿಡಿಯುವುದು ಹೊಸದಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ ಬೆಲೆಯಿಂದಲ್ಲ. ಎರಡು ಲಕ್ಷ ಉಳಿಯಿತೆಂದು ಹಿಗ್ಗಿದವರು ಬೀಳುವುದು ಇಲ್ಲೇ.

ವಿಮೆ ನಿಮ್ಮ ಹೆಸರಿಗೆ ಬರಲು 14 ದಿನದೊಳಗೆ ಕಂಪನಿಗೆ ಬರೆದುಕೊಡಿ. ಅದಾಗದಿದ್ದರೆ ನಿಮ್ಮ ಕಾರಿನ ಡ್ಯಾಮೇಜ್ ಕ್ಲೇಮ್ ಸಿಗುವುದಿಲ್ಲ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಮಾರಿದವರದ್ದು, ಕಾರಿನದ್ದಲ್ಲ. ಆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ.

2. ಬಿಚ್ಚುವ ಮೊದಲು ಸ್ಕ್ಯಾನ್

ಫೋಕ್ಸ್‌ವ್ಯಾಗನ್–ಸ್ಕೋಡಾಕ್ಕೆ ವಿಸಿಡಿಎಸ್ ಅಥವಾ ಒಬಿಡಿಇಲೆವೆನ್ ಎಂಬ ಸ್ಕ್ಯಾನರ್ ಸಾಕು. ಎಂಜಿನ್ ಒಂದನ್ನೇ ಓದಿಸಬೇಡಿ, ಗೇರ್‌ಬಾಕ್ಸ್, ಎಬಿಎಸ್, ಏರ್‌ಬ್ಯಾಗ್, ಸ್ಟಿಯರಿಂಗ್ ಎಲ್ಲವನ್ನೂ ಓದಿಸಿ ವರದಿ ಉಳಿಸಿಕೊಳ್ಳಿ. ಮೆಕ್ಯಾನಿಕ್ ಮೊದಲು ಕೋಡ್ (ಕಾರು ತಾನೇ ಬರೆದಿಟ್ಟುಕೊಂಡ ದೋಷದ ಗುರುತು) ಅಳಿಸಿ ಆಮೇಲೆ ನೋಡೋಣ ಎಂದರೆ ಬೇಡವೆನ್ನಿ. ಕೋಡ್ ಬಂದಾಗ ಕಾರು ಎಷ್ಟು ಕಿ.ಮೀ. ಓಡಿತ್ತು ಎಂಬುದನ್ನು ಹಲವು ಮಾಡ್ಯೂಲ್‌ಗಳು ಬರೆದಿಟ್ಟಿರುತ್ತವೆ. ಮೀಟರ್ 48,000 ತೋರಿಸುತ್ತ, ಕೋಡ್ 81,000ದಲ್ಲಿ ಬಂದಿದ್ದರೆ ಓಡೋಮೀಟರ್ ತಿರುಗಿಸಿದ್ದಾರೆ.

'ರೆಡಿನೆಸ್' ಎಂಬ ಸಾಲನ್ನೂ ನೋಡಿ. ಕಾರು ತನ್ನ ಹೊಗೆ ನಿಯಂತ್ರಣದ ಪರೀಕ್ಷೆಗಳನ್ನು ತಾನೇ ಮಾಡಿ ಮುಗಿಸಿದೆಯೇ ಎಂದು ಅದು ಹೇಳುತ್ತದೆ. ಅರ್ಧಕ್ಕರ್ಧ 'ಆಗಿಲ್ಲ' ಎಂದಿದ್ದರೆ, ಇತ್ತೀಚೆಗೆ ಬ್ಯಾಟರಿ ಕಳಚಿದ್ದಾರೆ ಇಲ್ಲವೇ ಮಾರುವ ಮುಂಚೆ ಕೋಡ್ ಅಳಿಸಿದ್ದಾರೆ. 200 ಕಿ.ಮೀ. ಓಡಿಸಿ ಮತ್ತೆ ಓದಿಸಿ, ಅಳಿಸಿದ್ದು ತಾನಾಗಿ ಮೇಲೇಳುತ್ತದೆ.

ಮೂರನೆಯದು ಫ್ಯುಯಲ್ ಟ್ರಿಮ್. ಎಂಜಿನ್ ಪೆಟ್ರೋಲನ್ನು ಶೇಕಡ ಎಷ್ಟು ಹೆಚ್ಚಿಸಿ ಅಥವಾ ತಗ್ಗಿಸಿ ಸರಿದೂಗಿಸುತ್ತಿದೆ ಎಂಬ ಲೆಕ್ಕ ಇದು. ದೀರ್ಘಾವಧಿಯ ಅಂಕಿ ಹೆಚ್ಚು ಅಥವಾ ಕಮ್ಮಿ, ಯಾವ ಕಡೆಗಾದರೂ ಶೇ 10 ದಾಟಿದ್ದರೆ ಗಾಳಿ ಸೋರಿಕೆಯನ್ನೋ ಪಿಸಿವಿಯನ್ನೋ ಅನುಮಾನಿಸಿ. ಪಿಸಿವಿ ಎಂದರೆ ಎಂಜಿನ್ನಿನ ಒಳಗಿನ ಆವಿಯನ್ನು ಎಣ್ಣೆಯಿಂದ ಬೇರ್ಪಡಿಸಿ ಕಳಿಸುವ ಕವಾಟ. ಅದು ಹರಿದರೆ ಐಡ್ಲಿಂಗ್ ಕುಂಟುತ್ತದೆ, ಆಯಿಲ್ ಮುಚ್ಚಳ ತೆಗೆಯಲು ಹೋದರೆ ಒಳಗಿನಿಂದ ಹಿಡಿದೆಳೆದಂತೆ ಅಂಟಿಕೊಂಡಿರುತ್ತದೆ.

3. ಎಣ್ಣೆ, ಕೂಲೆಂಟ್, ಗೇರ್‌ಬಾಕ್ಸ್

ಹಣ ಮತ್ತು ಗಮನ ಹೆಚ್ಚು ಬೇಕಾದ ಹಂತ ಇದು. ಅಂಕಿಗಳನ್ನು ಆಕ್ಟೇವಿಯಾ ಆರ್‌ಎಸ್ 230ಕ್ಕೆ ಕೊಡುತ್ತೇವೆ (2017ರಿಂದ ಇಲ್ಲಿ ಮಾರಿದ್ದು, 2.0 ಲೀಟರ್ ಟಿಎಸ್‌ಐ ಟರ್ಬೊ ಪೆಟ್ರೋಲ್ ಎಂಜಿನ್, ಶಕ್ತಿ 230 ಪಿಎಸ್). ಬೇರೆ ಕಾರಿನವರು ತಮ್ಮ ಮ್ಯಾನ್ಯುಯಲ್ ನೋಡಿಕೊಳ್ಳಿ.

ಎಂಜಿನ್ ಆಯಿಲ್: ಫಿಲ್ಟರ್ ಸೇರಿ ಸುಮಾರು 5.7 ಲೀಟರ್, 5ಡಬ್ಲ್ಯೂ-40 ದರ್ಜೆ, ಡಬ್ಬಿಯ ಹಿಂದೆ 'ವಿಡಬ್ಲ್ಯೂ 502 00' ಎಂದು ಬರೆದಿರಬೇಕು. ಬ್ರ್ಯಾಂಡ್ ಯಾವುದಾದರೂ ಇರಲಿ, ಆ ಅಂಕಿ ಇರಲಿ. ಆಯಿಲ್ ಚೇಂಬರ್ ಪ್ಲಾಸ್ಟಿಕ್ಕಿನದು, ಅದರ ಡ್ರೈನ್ ಪ್ಲಗ್ಗೂ ಪ್ಲಾಸ್ಟಿಕ್ಕೇ. ಪ್ರತಿ ಸಲ ಹೊಸ ಪ್ಲಗ್ ಹಾಕಬೇಕು. ಕಬ್ಬಿಣದ ಬೋಲ್ಟ್ ಬಿಗಿದು ರೂಢಿಯಾದ ಕೈ ಇದನ್ನು ಬಿಗಿದರೆ ಚೇಂಬರೇ ಹೋಗುತ್ತದೆ.

ಹಳೆಯ ಫಿಲ್ಟರನ್ನು ಎಸೆಯಬೇಡಿ. ಕತ್ತರಿಸಿ, ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಕಪ್ಪು ಪುಡಿ ಸಹಜ. ಅಯಸ್ಕಾಂತಕ್ಕೆ ಅಂಟುವ ಚೂರು, ಮಿಂಚುವ ತಗಡಿನಂಥ ಚೂರು, ಪ್ಲಾಸ್ಟಿಕ್ ತುಂಡು ಸಿಕ್ಕರೆ ಅಲ್ಲಿಗೇ ನಿಲ್ಲಿ. ಎನ್20 ಎಂಜಿನ್ನಿನ ಬಿಎಂಡಬ್ಲ್ಯೂ 328ಐ ಕೊಂಡವರು ಪ್ಲಾಸ್ಟಿಕ್ ಚೂರನ್ನೇ ಹುಡುಕಬೇಕು. ಆ ಎಂಜಿನ್ನಿನಲ್ಲಿ ಟೈಮಿಂಗ್ ಚೈನನ್ನು (ವಾಲ್ವ್ ಮತ್ತು ಪಿಸ್ಟನ್ ತಾಳ ತಪ್ಪದಂತೆ ನಡೆಸುವ ಸರಪಳಿ) ಹಿಡಿದಿಡುವ ಪ್ಲಾಸ್ಟಿಕ್ ಗೈಡ್ ಮುರಿಯುವುದು ಗೊತ್ತಿರುವ ದೋಷ. ಚೈನ್ ಜಾರಿದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಎಂಜಿನ್ ಹೋಗುತ್ತದೆ.

ಇತಿಹಾಸ ಗೊತ್ತಿಲ್ಲದ ಕಾರಿಗೆ ಈ ಹೊಸ ಆಯಿಲನ್ನು 3,000 ಕಿ.ಮೀ.ಗೇ ಇಳಿಸಿ, ಆಮೇಲೆ 7,500ಕ್ಕೊಮ್ಮೆ. ಕಂಪನಿ ಹೇಳುವ 15,000 ವಾರಂಟಿ ಕಾಲದ ಲೆಕ್ಕ. ಗೇಜ್ ಕಡ್ಡಿಯ ಮೇಲಿನ ಗೆರೆಯವರೆಗೆ ತುಂಬಿ, ಸರಿಯಾಗಿ 1,000 ಕಿ.ಮೀ. ಆದಾಗ ಎಷ್ಟು ಟಾಪ್‌ಅಪ್ ಬೇಕಾಯಿತೆಂದು ಅಳೆಯಿರಿ. ಸಾವಿರಕ್ಕೆ ಅರ್ಧ ಲೀಟರ್‌ವರೆಗೆ ಕುಡಿಯಬಹುದು ಎಂದು ಮ್ಯಾನ್ಯುಯಲ್ ಹೇಳುತ್ತದೆ. ಅದು ತಯಾರಕರ ಔದಾರ್ಯ. ಕಾಲು ಲೀಟರ್ ದಾಟಿದರೆ ಮೊದಲು ಪಿಸಿವಿ, ಆಮೇಲೆ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಘಟಕ), ಕೊನೆಗೆ ಪಿಸ್ಟನ್ ರಿಂಗ್. ಈ ಕ್ರಮದಲ್ಲೇ ನೋಡಿಸಿ, ಖರ್ಚು ಏರುವುದೂ ಇದೇ ಕ್ರಮದಲ್ಲಿ.

ಕೂಲೆಂಟ್: ಆರ್‌ಎಸ್ 230ರ ಎಂಜಿನ್ನಿನಲ್ಲಿ ವಾಟರ್ ಪಂಪ್ ಮತ್ತು ಥರ್ಮೋಸ್ಟ್ಯಾಟ್ ಒಂದೇ ಪ್ಲಾಸ್ಟಿಕ್ ಗೂಡಿನಲ್ಲಿವೆ. ಅದು ವಯಸ್ಸಾದಂತೆ ಸೀಳುತ್ತದೆ. ನೆಲಕ್ಕೆ ಹನಿ ಬೀಳದೆ ಇರಬಹುದು, ಸೋರಿದ್ದು ಗೇರ್‌ಬಾಕ್ಸ್ ಮೇಲೆ ಬಿದ್ದು ಬಿಸಿಗೆ ಒಣಗಿ ಗುಲಾಬಿ ಬಣ್ಣದ ಪೊರೆಯಾಗಿರುತ್ತದೆ. ಟಾರ್ಚ್ ಬಿಟ್ಟು ನೋಡಿ. ಅನುಮಾನವಿದ್ದರೆ ತಣ್ಣಗಿರುವಾಗ ಒಂದು ಬಾರ್ ಒತ್ತಡ ಕೊಟ್ಟು ಕಾಲು ಗಂಟೆ ಬಿಡಿಸಿ, ಒತ್ತಡದ ಮೀಟರಿನ ಮುಳ್ಳು ಇಳಿಯಬಾರದು. ಅಂಗಡಿಯ ಹಸಿರು ಕೂಲೆಂಟನ್ನು ಗುಲಾಬಿ ಅಥವಾ ನೇರಳೆಗೆ ಬೆರೆಸಬೇಡಿ. ಇನ್ನೊಂದು, ನಮ್ಮ ಕಡೆ ಕೈಗೆ ಸುಲಭವಾಗಿ ಸಿಗುವ ಬೋರ್‌ವೆಲ್ ನೀರನ್ನು ಹಾಕಲೇಬೇಡಿ. ಸ್ನಾನದ ಮನೆಯ ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರವೇ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಅರ್ಧಕ್ಕರ್ಧ ಕೂಲೆಂಟ್.

ಗೇರ್‌ಬಾಕ್ಸ್: ಡಿಎಸ್‌ಜಿ ಎಂದರೆ ಎರಡು ಕ್ಲಚ್ಚಿನ ಆಟೊ ಗೇರ್. ಆರ್‌ಎಸ್ 230ರಲ್ಲಿರುವುದು ಆರು ಗೇರಿನ ಡಿಕ್ಯೂ250, ಕ್ಲಚ್ ಎಣ್ಣೆಯಲ್ಲಿ ಮುಳುಗಿರುವಂಥದ್ದು. 60,000 ಕಿ.ಮೀ.ಗೊಮ್ಮೆ ಫಿಲ್ಟರ್ ಜತೆ ಐದು ಲೀಟರಿಗೆ ಸ್ವಲ್ಪ ಹೆಚ್ಚು ಎಣ್ಣೆ ಬದಲಿಸಬೇಕು. ಎಡವುವುದು ಮಟ್ಟ ನೋಡುವಾಗ. ಎಂಜಿನ್ ಚಾಲೂ ಇಟ್ಟು, ಗೇರ್ ಎಣ್ಣೆ 35ರಿಂದ 45 ಡಿಗ್ರಿ ನಡುವೆ ಇದ್ದಾಗ, ಹೆಚ್ಚಾದದ್ದು ತಾನೇ ಹೊರಗೆ ತೊಟ್ಟಿಕ್ಕಬೇಕು. ಏಪ್ರಿಲ್‌ನ ದಾವಣಗೆರೆಯಲ್ಲಿ ಮಧ್ಯಾಹ್ನ ಗ್ಯಾರೇಜಿನ ಗಾಳಿಯೇ 38 ಡಿಗ್ರಿ. ಮನೆಯಿಂದ ಓಡಿಸಿಕೊಂಡು ಹೋದ ಕಾರಿನ ಗೇರ್‌ಬಾಕ್ಸ್ 60 ದಾಟಿರುತ್ತದೆ. ಆ ಬಿಸಿಯಲ್ಲಿ ಹಿಗ್ಗಿದ ಎಣ್ಣೆ ಹೆಚ್ಚಿಗೆ ಹರಿದುಹೋಗಿ, ತಣಿದ ಮೇಲೆ ಮಟ್ಟ ಕಮ್ಮಿಯಾಗುತ್ತದೆ. ಹಿಂದಿನ ರಾತ್ರಿ ಕಾರನ್ನು ಗ್ಯಾರೇಜಿನಲ್ಲೇ ಬಿಟ್ಟು ಬೆಳಗ್ಗೆ ಆರು–ಏಳಕ್ಕೆ ಈ ಕೆಲಸ ಮಾಡಿಸಿ. ಸ್ಕ್ಯಾನರ್ ಇಲ್ಲದೆ 'ಅಂದಾಜಿಗೆ ಹಾಕಿದ್ವಿ ಸಾರ್' ಎನ್ನುವ ಕಡೆ ಮಾಡಿಸಬೇಡಿ.

ಪೋಲೊ ಜಿಟಿಐ, ಆಕ್ಟೇವಿಯಾ 1.8 ಟಿಎಸ್‌ಐಗಳಲ್ಲಿರುವುದು ಏಳು ಗೇರಿನ ಡಿಕ್ಯೂ200, ಒಣ ಕ್ಲಚ್ಚಿನದು. ಇದಕ್ಕೆ ಟ್ರಾಫಿಕ್ ಆಗಿಬರುವುದಿಲ್ಲ. ಒಂದು–ಎರಡನೇ ಗೇರಿನಲ್ಲಿ ನಡುಕ, ಬೆಸ ಅಥವಾ ಸಮ ಗೇರುಗಳು ಮಾತ್ರ ಕೈಕೊಡುವುದು, ರಿವರ್ಸ್ ಬೀಳದಿರುವುದು ಕಂಡರೆ ಕ್ಲಚ್ ಪ್ಯಾಕ್ ಅಥವಾ ಮೆಕಾಟ್ರಾನಿಕ್ (ಗೇರ್ ಬದಲಿಸುವ ಎಲೆಕ್ಟ್ರಾನಿಕ್–ಹೈಡ್ರಾಲಿಕ್ ಘಟಕ) ಕಡೆ ನೋಡಬೇಕು. ಏರಿನಲ್ಲಿ ಆ್ಯಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳುವ ಚಾಳಿ ಇದ್ದರೆ ಇವತ್ತೇ ಬಿಡಿ. ಬ್ರೇಕ್ ಇರುವುದೇ ಅದಕ್ಕೆ.

4. ಗಾಳಿ, ಪ್ಲಗ್, ಪೆಟ್ರೋಲ್

ಚಿತ್ರದುರ್ಗ–ಹೊಳಲ್ಕೆರೆ ಕಡೆ ಅದಿರು ಲಾರಿ ಓಡುವ ರಸ್ತೆಗಳ ಕೆಂಧೂಳು ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಏರ್ ಫಿಲ್ಟರ್ 10,000 ಕಿ.ಮೀ.ಗೆ ಬದಲಿಸಿ. ಎಣ್ಣೆ ಸವರಿದ ಕಾಟನ್ ಫಿಲ್ಟರ್ ಹಾಕಿಸಿದರೆ ಪಿಕಪ್ ಬರುತ್ತದೆ ಎನ್ನುವವರಿದ್ದಾರೆ. ಹತ್ತಿ ಮಿಲ್ಲಿನ ಊರಿನವರಿಗೆ ಹತ್ತಿ ಬೇಡವೆನ್ನುವುದು ಕಷ್ಟ, ಆದರೂ ಬೇಡ. ಸಣ್ಣ ಧೂಳು ಕಾಗದದ ಫಿಲ್ಟರಿಗಿಂತ ಅದರಲ್ಲಿ ಹೆಚ್ಚು ನುಸುಳುತ್ತದೆ, ಟರ್ಬೊ ರೆಕ್ಕೆಯನ್ನು ಮರಳುಕಾಗದದಂತೆ ತಿಕ್ಕುತ್ತದೆ. ಮುಂದಿನ ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಘಟಕ) ಮತ್ತು ಎಸಿ ಕಂಡೆನ್ಸರನ್ನು ಕಡಿಮೆ ಒತ್ತಡದ ನೀರಿನಲ್ಲಿ ತೊಳೆಸಿ. ವಾಟರ್ ಗನ್ ಹತ್ತಿರ ಹಿಡಿದರೆ ತೆಳುವಾದ ತಗಡುಗಳು ಮಡಚಿಕೊಳ್ಳುತ್ತವೆ.

ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ಒಮ್ಮೆಗೇ ಬದಲಿಸಿ. ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲಿ ಜೋಡಿಸಿಟ್ಟು ನೋಡಿ, ಒಂದರಲ್ಲಿ ಮಾತ್ರ ಎಣ್ಣೆಯ ಮಸಿ ಇದ್ದರೆ ಆ ಸಿಲಿಂಡರಿನ ಕಂಪ್ರೆಷನ್ ಅಳೆಸಬೇಕು. ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಎಂಜಿನ್ನುಗಳಲ್ಲಿ ಇನ್‌ಟೇಕ್ ವಾಲ್ವ್ ಮೇಲೆ ಕಾರ್ಬನ್ ಕಟ್ಟುತ್ತದೆ. ಬೆಳಗಿನ ಸ್ಟಾರ್ಟ್‌ನಲ್ಲಿ ನಡುಗಿ ಬಿಸಿಯಾದ ಮೇಲೆ ಸರಿಹೋಗುವುದು ಅದರ ಗುರುತು. ಟ್ಯಾಂಕಿಗೆ ಸುರಿಯುವ ಬಾಟಲಿಗಳಿಂದ ಅದು ಹೋಗುವುದಿಲ್ಲ, ಪೆಟ್ರೋಲ್ ಆ ವಾಲ್ವನ್ನು ಮುಟ್ಟುವುದೇ ಇಲ್ಲವಲ್ಲ. ಮ್ಯಾನಿಫೋಲ್ಡ್ (ವಾಲ್ವ್‌ಗೆ ಗಾಳಿ ತರುವ ಕೊಳವೆ) ಬಿಚ್ಚಿ ಆಕ್ರೋಟ್ ಚಿಪ್ಪಿನ ಪುಡಿ ಊದಿ ತೆಗೆಯುವುದೇ ದಾರಿ.

ಪೆಟ್ರೋಲ್ 95 ಆಕ್ಟೇನ್ ಅಥವಾ ಮೇಲಿನದು: ಎಕ್ಸ್‌ಪಿ95, ಪವರ್95, ಸ್ಪೀಡ್ 97. ಟ್ಯಾಂಕ್ ಮುಚ್ಚಳದಲ್ಲಿ ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಎಂದು ಬರೆದಿಲ್ಲದ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಎಥನಾಲ್ ತೇವ ಎಳೆದುಕೊಳ್ಳುತ್ತದೆ. ವರ್ಷಕ್ಕೊಮ್ಮೆ ಪೆಟ್ರೋಲ್ ಪೈಪುಗಳ ರಬ್ಬರ್ ಬಿರಿದಿದೆಯೇ ನೋಡಿಸಿ.

5. ಬ್ರೇಕ್

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಡಾಟ್ 4 ದರ್ಜೆಯದು, ಒಂದು ಲೀಟರ್ ತಂದರೆ ಸಾಕು. ಅದು ಗಾಳಿಯ ತೇವ ಹೀರುತ್ತದೆ. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಆ ತೇವ ಕುದಿದು ಗುಳ್ಳೆಯಾಗಿ ಪೆಡಲ್ ಒಳಗೆ ಹೋಗಿಬಿಡುತ್ತದೆ. ಪ್ಯಾಡ್ ದಪ್ಪ ಹಿಂಬದಿಯ ಉಕ್ಕಿನ ತಟ್ಟೆ ಬಿಟ್ಟು 3 ಮಿ.ಮೀ.ಗೆ ಬಂದರೆ ಆರ್ಡರ್ ಮಾಡಿ, 2ಕ್ಕೆ ಬಂದರೆ ಓಡಿಸಬೇಡಿ. ಡಿಸ್ಕಿನ ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ.

ಹಿಂದಿನ ಪ್ಯಾಡ್ ಬದಲಿಸುವಾಗ ಎಚ್ಚರ. ಬಟನ್ ಹ್ಯಾಂಡ್‌ಬ್ರೇಕ್ ಇರುವ ಕಾರಿನಲ್ಲಿ ಮೊದಲು ಸ್ಕ್ಯಾನರ್‌ನಿಂದ ಮೋಟಾರನ್ನು ಹಿಂದಕ್ಕೆ ಎಳೆಸಬೇಕು. ಸಿ-ಕ್ಲ್ಯಾಂಪ್ ಹಾಕಿ ಒತ್ತಿದರೆ ಮೋಟಾರಿನ ಹಲ್ಲು ಮುರಿದು ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹೊಸದಾಗಿ ತರಬೇಕಾಗುತ್ತದೆ. ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ ವೇಗವನ್ನು 60ರಿಂದ 15ಕ್ಕೆ ಎಂಟು–ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದಂತೆ ಓಡಿಸಿ ತಣಿಸಿ.

6. ಟೈರ್

ಟೈರಿನ ಪಕ್ಕದಲ್ಲಿ ಡಾಟ್ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ ಟೈರಿನ ಗೀರು ಎಷ್ಟೇ ಆಳವಿರಲಿ, ಬದಲಿಸಿ. ರಬ್ಬರ್ ಗಟ್ಟಿಯಾಗಿರುತ್ತದೆ, ಮೊದಲ ಮಳೆಗೇ ಜಾರುತ್ತದೆ. ನಾಲ್ಕೂ ಒಂದೇ ಮಾದರಿ ಇರಲಿ.

ಆರ್‌ಎಸ್‌ನ 225/40 ಆರ್18 ಟೈರ್ (18 ಇಂಚಿನ ವೀಲಿನದು) ನಮ್ಮ ಹಂಪ್ಸ್, ಗುಂಡಿಗಳಿಗೆ ತೆಳುವಾಯಿತು ಎಂದು ಹಲವರು 17 ಇಂಚಿಗೆ ಇಳಿಯುತ್ತಾರೆ. ತಪ್ಪಿಲ್ಲ. 225/45 ಆರ್17ರ ಹೊರ ವ್ಯಾಸ 634 ಮಿ.ಮೀ., ಮೂಲದ್ದು 637. ಸ್ಪೀಡೋಮೀಟರ್ ಅರ್ಧ ಶೇಕಡವೂ ತಪ್ಪುವುದಿಲ್ಲ. ಆದರೆ ಆರ್‌ಎಸ್‌ನ ಮುಂದಿನ ಬ್ರೇಕ್ ದೊಡ್ಡದು, ಎಲ್ಲ 17 ಇಂಚಿನ ವೀಲೂ ಕ್ಯಾಲಿಪರ್ ಮೇಲೆ ಕೂರುವುದಿಲ್ಲ. ಹಣ ಕೊಡುವ ಮುಂಚೆ ಒಂದನ್ನು ಹಾಕಿಸಿ ಕೈಯಲ್ಲಿ ತಿರುಗಿಸಿ ನೋಡಿ.

ಪಂಕ್ಚರ್ ಅಂಗಡಿಯಲ್ಲಿ ಗಾಳಿ ಗನ್ನಿನಿಂದ ಬೋಲ್ಟ್ ಬಿಗಿಯಲು ಬಿಡಬೇಡಿ. ಕೈಯಲ್ಲಿ ಕೂರಿಸಿ, ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರ್. ಗಾಳಿಯನ್ನು ಬೆಳಗ್ಗೆ, ಟೈರ್ ತಣ್ಣಗಿರುವಾಗ, ಕಾರಿನ ಸ್ಟಿಕ್ಕರಿನಲ್ಲಿ ಹೇಳಿದಷ್ಟು ಹಿಡಿಸಿ. ಬೇಸಿಗೆಯೆಂದು ಕಮ್ಮಿ ಹಿಡಿಸಿದರೆ ಪಕ್ಕದ ಗೋಡೆ ಹೆಚ್ಚು ಬಾಗಿ ಇನ್ನಷ್ಟು ಕಾಯುತ್ತದೆ.

7. ಓಡಿಸುವಾಗ

ಮೀಟರಿನಲ್ಲಿ ಕೂಲೆಂಟ್ 90 ತೋರಿಸಿದ ಮಾತ್ರಕ್ಕೆ ಎಂಜಿನ್ ಸಿದ್ಧವಾಗಿರುವುದಿಲ್ಲ, ಆಯಿಲ್ ಬಿಸಿ ಹಿಂದೆ ಉಳಿದಿರುತ್ತದೆ. ಆಯಿಲ್ 80 ಡಿಗ್ರಿ ತಲುಪುವವರೆಗೆ 3,000 ಆರ್‌ಪಿಎಂ ದಾಟಬೇಡಿ. ನಿಲ್ಲಿಸುವಾಗ ಕೊನೆಯ ಎರಡು ಕಿ.ಮೀ. ಹಗುರವಾಗಿ ಬನ್ನಿ. ಹೆದ್ದಾರಿ ಬಿಟ್ಟು ಊರೊಳಗಿನ ಪಿ.ಬಿ. ರಸ್ತೆಯಲ್ಲಿ ಮನೆಗೆ ತಲುಪುವಷ್ಟರಲ್ಲಿ ಟರ್ಬೊ ತಾನಾಗಿ ತಣಿದಿರುತ್ತದೆ.

ರಾಷ್ಟ್ರೀಯ ಹೆದ್ದಾರಿ 48 ನೇರವಿದೆ, ಆರು ಪಥವಿದೆ. ಹಾಗೆಂದು ಕಾಲು ಒತ್ತುವ ಮುಂಚೆ ನೆನಪಿರಲಿ: ರಾಜ್ಯದಲ್ಲಿ 2024ರ ಆಗಸ್ಟ್ 1ರಿಂದ 130 ಕಿ.ಮೀ. ಮೀರಿದರೆ ದಂಡದ ಚೀಟಿಯಲ್ಲಿ ಮುಗಿಯುವುದಿಲ್ಲ, ಎಫ್‌ಐಆರ್ ಆಗುತ್ತದೆ.

ಒಕ್ಕಣೆ ಕಾಲದಲ್ಲಿ ಹಳ್ಳಿ ರಸ್ತೆಯನ್ನೇ ಕಣ ಮಾಡಿ ರಾಗಿ, ಹುರುಳಿ ಹರಡಿರುತ್ತಾರೆ. ಎತ್ತರದ ಗಾಡಿ ದಾಟಿ ಹೋದೀತು. ನೆಲಕ್ಕಂಟಿದ ನಿಮ್ಮ ಕಾರು ಹುಲ್ಲನ್ನು ಅಡಿಯಲ್ಲಿ ಬಾಚಿಕೊಳ್ಳುತ್ತದೆ. ಅದು ಡ್ರೈವ್ ಶಾಫ್ಟಿಗೆ ಸುತ್ತಿ, ಕಾದ ಸೈಲೆನ್ಸರ್ ಕನ್ವರ್ಟರಿಗೆ ತಾಗಿದರೆ ಬೆಂಕಿ. ಸುತ್ತು ರಸ್ತೆ ಇದ್ದರೆ ಸುತ್ತಿಕೊಂಡೇ ಹೋಗಿ. ಇಲ್ಲದಿದ್ದರೆ ದಾಟಿದ ಕೂಡಲೇ ನಿಲ್ಲಿಸಿ ಅಡಿ ಬಗ್ಗಿ ನೋಡಿ. ಒಣ ಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ. ಮೆಕ್ಕೆಜೋಳದ ಗೋದಾಮಿನ ಹತ್ತಿರ ಕಾರು ಇಡುವವರು ವಾರಕ್ಕೊಮ್ಮೆ ಬಾನೆಟ್ ಎತ್ತಿ ಇಲಿ ಹಿಕ್ಕೆ ಹುಡುಕಿ. ಇಲಿಗೆ ಇಂಜೆಕ್ಟರ್ ವೈರ್ ಬಲು ಇಷ್ಟ.

8. ರೀಮ್ಯಾಪ್

ರೀಮ್ಯಾಪ್ ಎಂದರೆ ಎಂಜಿನ್ ಕಂಪ್ಯೂಟರಿನ ತಂತ್ರಾಂಶ ಬದಲಿಸಿ ಶಕ್ತಿ ಹೆಚ್ಚಿಸುವುದು. ಡಿಕ್ಯೂ200 ಗೇರ್‌ಬಾಕ್ಸ್ ವಿನ್ಯಾಸದ ಮಿತಿ 250 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಪೋಲೊ ಜಿಟಿಐ ಶೋರೂಮಿನಿಂದ ಬಂದಾಗಲೇ 250 ಕೊಡುತ್ತದೆ. ಡಿಕ್ಯೂ250ರ ಮಿತಿ 350, ಆರ್‌ಎಸ್ 230 ಕೊಡುವುದೂ 350. ಕಂಪನಿಯವರು ಉಳಿಸಿಟ್ಟಿದ್ದಾರೆ ಎನ್ನುವ ಜಾಗ ಎಂಜಿನ್ನಿನಲ್ಲಿರಬಹುದು, ಗೇರ್‌ಬಾಕ್ಸಿನಲ್ಲಿ ಕಾಗದದ ಮೇಲೆ ಏನೂ ಉಳಿದಿಲ್ಲ. ಜತೆಗೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ತಯಾರಕರ ವಿವರಗಳಿಂದ ದೂರ ಸರಿಯುವ ಮಾರ್ಪಾಡಿಗೆ ಅಡ್ಡ ನಿಲ್ಲುತ್ತದೆ. ವಿಮೆಯವರಿಗೆ ಕ್ಲೇಮ್ ತಳ್ಳಿಹಾಕಲು ಅದೊಂದು ನೆಪ ಸಾಕು.

ಆದರೂ ಬೇಕೇಬೇಕು ಎನ್ನುವವರು ಆರು ತಿಂಗಳು ಕಾಯಿರಿ. ಮೇಲಿನ ಏಳು ಹಂತ ಮುಗಿದು, ಆಯಿಲ್ ಕುಡಿಯುವ ಲೆಕ್ಕ ಸಿಕ್ಕು, ಕೂಲೆಂಟ್ ಮಟ್ಟ ಕದಲದೆ ನಿಂತ ಕಾರಿಗೆ ಮಾತ್ರ ಆ ಮಾತು. ಹಿಂದಿನವರೇ ಮಾಡಿಸಿದ್ದಾರೋ ಎಂಬುದನ್ನೂ ಕೇಳಿ. ಎಷ್ಟೋ ಕಾರುಗಳು ಆಗಲೇ ಒಂದು ಸುತ್ತು ಹಿಂಡಿಸಿಕೊಂಡೇ ಬಂದಿರುತ್ತವೆ.

9. ಡಿಕ್ಕಿಯಲ್ಲಿ

ಒಂದು ಲೀಟರ್ ಅದೇ ಆಯಿಲ್, ಒಂದು ಲೀಟರ್ ಬೆರೆಸಿದ ಕೂಲೆಂಟ್, ಟಾರ್ಚ್, ಗಾಳಿ ತುಂಬುವ ಸಣ್ಣ ಪಂಪ್, ವೀಲ್ ಲಾಕ್ ಬೋಲ್ಟಿನ ಕೀ. ಈ ಕೊನೆಯದು ಇಲ್ಲದೆ ಪಂಕ್ಚರಾದರೆ ಹಿರಿಯೂರಿನಲ್ಲಾಗಲಿ ಹರಿಹರದಲ್ಲಾಗಲಿ ಯಾರೂ ವೀಲ್ ಬಿಚ್ಚಲಾರರು. ಕೊಂಡ ದಿನವೇ ಹುಡುಕಿ, ಇಲ್ಲದಿದ್ದರೆ ಆ ಬೋಲ್ಟುಗಳನ್ನೇ ಮಾಮೂಲಿಯವಕ್ಕೆ ಬದಲಿಸಿ.

ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಡಿಎಸ್‌ಜಿ ಕಾರು ಫ್ಲಾಟ್‌ಬೆಡ್ ಲಾರಿಯ ಮೇಲೇ ಬರಬೇಕು. ಅದಕ್ಕೆ ಎತ್ತಲು ಬಂಪರಿನ ತೂತಿಗೆ ತಿರುಗಿಸುವ ಕೊಂಡಿ ಬೇಕು, ಸ್ಟೆಪ್ನಿ ಗುಂಡಿಯಲ್ಲಿರುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳಲ್ಲಿ ಅದರ ತಿರುಪು ಉಲ್ಟಾ: ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ.